ಹೊಸ್ತಿಲಿನ ದಯೆ, ಮನುಷ್ಯರ ಹಕ್ಕು

ಪ್ರತಿ ವರ್ಷ ಡಿಸೆಂಬರ್ 10ರಂದು ಶಾಲೆ-ಕಚೇರಿಗಳಲ್ಲಿ ಮಾನವ ಹಕ್ಕುಗಳ ದಿನಾಚರಣೆ ನಡೆಯುತ್ತದೆ. ಪ್ರತಿಜ್ಞೆ ಬೋಧಿಸಲಾಗುತ್ತದೆ, ಒಂದೆರಡು ಭಾಷಣಗಳಾಗುತ್ತವೆ, ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ಆಗಮನಕಾಲದ ನಡುವೆ ಬರುವ ಈ ದಿನವನ್ನು ನಾವು ಕ್ರೈಸ್ತರು, ಗೋದಲಿ ಕಟ್ಟುವ ಗಡಿಬಿಡಿಯಲ್ಲಿ, ಗಮನಿಸುವುದೇ ಅಪರೂಪ. ಕೆಲವು ವರ್ಷಗಳ ಹಿಂದೆ ಅಂಥದೊಂದು ದಿನಾಚರಣೆ ಮುಗಿಸಿಕೊಂಡು ಗೋಕಾಕ ತಾಲೂಕಿನ ನಮ್ಮ ಮಮದಾಪುರಕ್ಕೆ ಮರಳಿದಾಗ, ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಎಲ್ಲಿಗೆ ಹೋಗಿದ್ದಿರೆಂದು ವಿಚಾರಿಸಿದರು. ಹೇಳಿದೆ. ಅವರು ನಕ್ಕು, "ಹಕ್ಕು ಹಕ್ಕು ಅಂತೀರಲ್ಲರೀ ಮಾಸ್ತರ, ನಮ್ಮೂರಾಗ ಹಸದು ಬಂದವರಿಗೆ ರೊಟ್ಟಿ ಕೊಡಾಕ ಯಾವ ಕಾಯ್ದೆ ಬೇಕಾಗಿತ್ತು?" ಎಂದು ಕೇಳಿದರು.

ಅವರು ಕೇಳಿದ್ದು ಹಗುರವಾಗಿ. ಆದರೆ ಅದು ಹಗುರವಾದ ಪ್ರಶ್ನೆಯಲ್ಲ. ಜಗತ್ತಿನ ದೊಡ್ಡ ದೊಡ್ಡ ಪಂಡಿತರು ಇಂದಿಗೂ ಚರ್ಚಿಸುತ್ತಿರುವ ಪ್ರಶ್ನೆ ಅದು. ದೂರದ ನಗರಗಳಲ್ಲಿ ಕುಳಿತು ಬರೆದ ಹಕ್ಕುಗಳ ಪಟ್ಟಿಯಿಂದ ಮನುಷ್ಯರು ಒಳ್ಳೆಯವರಾಗಿ ಬಾಳುತ್ತಾರೆಯೇ, ಅಥವಾ ಓಣಿಯಲ್ಲಿ, ಹೊಲದಲ್ಲಿ, ಅಡಿಗೆಮನೆಯಲ್ಲಿ ಯಾರೂ ಕಲಿಸದೆ ಕಲಿತ ನಡತೆಯಿಂದಲೇ? ಅಂದು ನಾನು ಅವರಿಗೆ ಉತ್ತರ ಕೊಡಲಿಲ್ಲ.

ಅವರ ಪಕ್ಷದಲ್ಲಿ ಹೇಳಬೇಕಾದದ್ದು ಬಹಳವಿದೆ. ಬಿತ್ತುವ ದಿನಗಳಲ್ಲಿ, ಕಳೆ ತೆಗೆಯುವ ದಿನಗಳಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವುದನ್ನು ಯಾವ ಸರಕಾರವೂ ಆಜ್ಞಾಪಿಸಿಲ್ಲ. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ಓಣಿಯವರೇ ಬುತ್ತಿ ಕಟ್ಟಿಕೊಂಡು ಹೋಗಿ, ಒಲ್ಲೆನೆಂದವರಿಗೂ ಒಂದು ತುತ್ತು ಉಣ್ಣಿಸಿ ಬರುತ್ತಾರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ತಗ್ಗಿನ ಓಣಿಗಳು ಮುಳುಗಿದಾಗ, ಲೋಳಸೂರ ಸೇತುವೆಯ ಮೇಲೆ ನೀರು ಹರಿದಾಗ, ನೆರೆಯ ಊರುಗಳಿಂದಲೂ ದೂರದ ಜಿಲ್ಲೆಗಳಿಂದಲೂ ಜೋಳದ ರೊಟ್ಟಿಯ ಗಂಟುಗಳು ಬಂದವು. ತಟ್ಟಿದ ತಾಯಂದಿರು ಯಾರೋ, ಉಂಡವರು ಯಾರೋ! ಉಣ್ಣುವವರ ಜಾತಿಯನ್ನಾಗಲಿ ಧರ್ಮವನ್ನಾಗಲಿ ಆ ರೊಟ್ಟಿಗಳು ಕೇಳಲಿಲ್ಲ.

ಆದರೆ ಅದೇ ನೆರೆಯ ಮುಂದಿನ ಕಥೆಯನ್ನೂ ಹೇಳಬೇಕು. ರೊಟ್ಟಿಯ ಗಂಟು ಬಂದದ್ದು ಕೆಲವು ವಾರಗಳು ಮಾತ್ರ. ದಯೆಗೆ ದಣಿವಾಗುತ್ತದೆ, ಅದು ಯಾರ ತಪ್ಪೂ ಅಲ್ಲ, ರೊಟ್ಟಿ ತಟ್ಟಿದವರಿಗೂ ತಮ್ಮ ಮನೆ-ಹೊಲಗಳಿದ್ದವು. ಬಿದ್ದ ಗೋಡೆಯನ್ನು ಮತ್ತೆ ಎಬ್ಬಿಸಲು ರೊಟ್ಟಿ ಸಾಲದು. ಪೂರ್ತಿ ಕುಸಿದ ಮನೆಗೆ 5 ಲಕ್ಷ ರೂಪಾಯಿಯ ಪರಿಹಾರವನ್ನು ಸರಕಾರ ಅಂದು ಘೋಷಿಸಿತು. ಅಲ್ಲಿಂದ ಮುಂದೆ ಮನುಷ್ಯನ ಕೈಯಲ್ಲಿ ಬೇಕಾದದ್ದು ಉತಾರ, ಗುರುತಿನ ಚೀಟಿ, ಪಟ್ಟಿಯಲ್ಲಿ ಹೆಸರು. ಅವು ಇಲ್ಲದವನು ಕಚೇರಿಯ ಮೆಟ್ಟಿಲ ಮೇಲೆ ಕೈಮುಗಿದು ನಿಲ್ಲಬೇಕಾಯಿತು. ಕೈಮುಗಿದು ನಿಲ್ಲುವವನಿಗೂ, ಇದು ನನಗೆ ಸಲ್ಲಬೇಕಾದದ್ದು ಎಂದು ತಲೆಯೆತ್ತಿ ಹೇಳುವವನಿಗೂ ಇರುವ ಅಂತರವೇ ದಯೆಗೂ ಹಕ್ಕಿಗೂ ಇರುವ ಅಂತರ. ಕೊಡುವವನು ಒಳ್ಳೆಯವನಾಗಿದ್ದರೆ ದಯೆ ಸಿಗುತ್ತದೆ. ಹಕ್ಕು, ಕೊಡುವವನು ಎಂಥವನೇ ಆಗಿರಲಿ, ಸಿಗಬೇಕು. ಸಿಗುತ್ತದೆಯೇ ಎಂಬುದು ಬೇರೆ ಮಾತು.

ಈ ವಿಷಯದಲ್ಲಿ ನನ್ನ ಮನಸ್ಸನ್ನು ಬಹುಕಾಲದಿಂದ ಕಾಡುತ್ತಿರುವ ನೆನಪೊಂದಿದೆ. ಅದನ್ನು ಮುಚ್ಚಿಟ್ಟು ಈ ಲೇಖನ ಬರೆಯುವುದು ಪ್ರಾಮಾಣಿಕವಾಗಲಾರದು.

ನಾನು ಚಿಕ್ಕವನಿದ್ದಾಗ, 1970ರ ದಶಕದಲ್ಲಿ, ಮಂಗಳವಾರ ಮತ್ತು ಶುಕ್ರವಾರ ನಮ್ಮ ಓಣಿಗೆ ಜೋಗತಿಯೊಬ್ಬಳು ಬರುತ್ತಿದ್ದಳು. ತಲೆಯ ಮೇಲೆ ಎಲ್ಲಮ್ಮನ ಮೂರ್ತಿಯಿದ್ದ ಪಡ್ಡಲಗಿ, ಹಣೆಯ ತುಂಬ ಭಂಡಾರ. ನಮ್ಮದು ಕ್ರೈಸ್ತ ಮನೆಯೆಂದು ಅವಳಿಗೆ ಗೊತ್ತಿತ್ತು. ಆದರೂ ಬಾಗಿಲಿಗೆ ಬರುತ್ತಿದ್ದಳು, ಏಕೆಂದರೆ ನಮ್ಮವ್ವ ಯಾರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ಒಂದು ಬೊಗಸೆ ಜೋಳ ಹಾಕಿ, ಬಿಸಿಲಿನ ದಿನವಾದರೆ ಮಜ್ಜಿಗೆಯನ್ನೂ ಕೊಡುತ್ತಿದ್ದಳು. ಮಜ್ಜಿಗೆ ಕೊಡುವ ಲೋಟ ಬೇರೆ ಇತ್ತು. ಅದು ಹೊರಗಿನ ಮಾಡದಲ್ಲಿರುತ್ತಿತ್ತು. ಪ್ರಭು ಕ್ರಿಸ್ತರಲ್ಲಿ ಎಲ್ಲರೂ ಒಂದೇ ಎಂದು ಸಂತ ಪೌಲರು ಗಲಾತ್ಯರಿಗೆ ಬರೆದದ್ದನ್ನು ಭಾನುವಾರ ಕೇಳುತ್ತಿದ್ದ ಮನೆಯಲ್ಲಿ ಆ ಲೋಟ ಹೊರಗೇ ಇತ್ತೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಜೋಗತಿಯ ಹಿಂದೆ ಒಬ್ಬ ಹುಡುಗಿ ಬರುತ್ತಿದ್ದಳು. ನನ್ನಷ್ಟೇ ವಯಸ್ಸು, ಎಂಟೋ ಒಂಬತ್ತೋ ಇರಬೇಕು. ಕೊರಳಲ್ಲಿ ಕೆಂಪು-ಬಿಳಿ ಮುತ್ತಿನ ಸರ. ಮುತ್ತು ಕಟ್ಟಿಸಿಕೊಂಡವಳು ಎಂದರೆ ಏನೆಂದು ನನಗೆ ತಿಳಿದಿರಲಿಲ್ಲ; ಆದರೆ ಓಣಿಯ ಹಿರಿಯರಿಗೆಲ್ಲ ತಿಳಿದಿತ್ತು. ಮೈನೆರೆದ ಮೇಲೆ ಆ ಮಗುವಿನ ಗತಿ ಏನಾಗುವುದೆಂದೂ ತಿಳಿದಿತ್ತು. ನಮ್ಮವ್ವನಿಗೂ ತಿಳಿದಿತ್ತು. ಯಾರೂ ಕೆಟ್ಟವರಾಗಿರಲಿಲ್ಲ. ಆ ಹುಡುಗಿಗೆ ಹಸಿವಾದರೆ ರೊಟ್ಟಿ ಕೊಡದ ಮನೆ ನಮ್ಮ ಓಣಿಯಲ್ಲಿ ಒಂದೂ ಇರಲಿಲ್ಲ. ಆದರೂ ಅವಳ ಶಾಲೆಯನ್ನು ಕುರಿತು ಒಬ್ಬರೂ ಒಂದು ಮಾತು ಆಡಲಿಲ್ಲ. ಅದು ಅವರ ದೇವರ ವಿಷಯ, ಅವರ ಮಂದಿಯ ವಿಷಯ, ನಾವು ನಾಲ್ಕು ಮನೆಯ ಕ್ರೈಸ್ತರು ನಡುವೆ ಬಾಯಿ ಹಾಕಬಾರದು ಎಂಬುದು ನಮ್ಮ ಮನೆಯ ವಿವೇಕವಾಗಿತ್ತು. ಅನ್ಯಧರ್ಮದವರ ಆಚರಣೆಯನ್ನು ಗೌರವಿಸುವುದು ದೊಡ್ಡ ಗುಣವೇ. ಆದರೆ ಆ ಗುಣದ ಮರೆಯಲ್ಲಿ ಒಂದು ಮಗು ಕಾಣದಂತಾಯಿತು. ನಮ್ಮ ದಯೆ ಹೊಸ್ತಿಲವರೆಗೆ ಬಂದು ಜೋಳ ಹಾಕಿ ಒಳಗೆ ಹೋಯಿತು.

ಇದರಲ್ಲಿ ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ಮುತ್ತು ಕಟ್ಟಿಸಿದ ತಂದೆತಾಯಿಗಳು ಕೂಡ ರಾಕ್ಷಸರಾಗಿರಲಿಲ್ಲ. ಗಂಡುಮಕ್ಕಳಿಲ್ಲದ ಬಡ ಮನೆಯಲ್ಲಿ ಮಗಳನ್ನು ದೇವಿಗೆ ಬಿಟ್ಟರೆ ಅವಳು ಮದುವೆಯಾಗಿ ಹೋಗದೆ ಮನೆಯಲ್ಲೇ ಉಳಿದು, ಮಗನಂತೆ ಮುಪ್ಪಿನಲ್ಲಿ ನೋಡಿಕೊಳ್ಳುತ್ತಾಳೆಂಬ ಎಣಿಕೆಯಿತ್ತು. ತಲೆಯಲ್ಲಿ ಜಡೆ ಕಟ್ಟಿದರೆ ದೇವಿ ಕರೆದಳೆಂಬ ಭಯವಿತ್ತು. ಹಿರಿಯರ ಸೇವೆ, ಕುಲದ ಹರಕೆ, ಊರಿನ ಒಳಿತು - ಇವೆಲ್ಲ ಒಳ್ಳೆಯ ಮಾತುಗಳೇ. ದಿನನಿತ್ಯದ ಈ ಸದ್ಗುಣಗಳೇ ಒಟ್ಟಾಗಿ ಒಂದು ಮಗುವಿನ ಬಾಳನ್ನು ಹಿಡಿದು ಕೊಟ್ಟವು. ನಮ್ಮ ಹಿರಿಯರು ಕಟ್ಟೆಯ ಮೇಲೆ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಂದ ಆರಂಭವಾಗುತ್ತದೆ.

ಹಾಗಾದರೆ ಕಾಯ್ದೆಯೇ ಉತ್ತರವೇ? ಕಾಯ್ದೆ ಇತ್ತು! ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿದ್ದಾಗಲೇ, 1934ರಲ್ಲಿ, ದೇವದಾಸಿಯರ ರಕ್ಷಣೆಗೆಂದು ಮುಂಬಯಿ ಶಾಸನ ಬಂದಿತ್ತು. ನಮ್ಮ ಬಾಗಿಲಿಗೆ ಆ ಹುಡುಗಿ ಬಂದದ್ದು ಅದಾದ ನಾಲ್ಕು ದಶಕಗಳ ಮೇಲೆ. ಕರ್ನಾಟಕ ಸರಕಾರ 1982ರಲ್ಲಿ ಮತ್ತೊಂದು ಶಾಸನ ಮಾಡಿತು, 1984ರಲ್ಲಿ ಅದು ಜಾರಿಗೆ ಬಂದಿತು. ಮುತ್ತು ಕಟ್ಟುವವರಿಗೆ ಸೆರೆವಾಸ, ಕಟ್ಟಿಸುವವರು ಹೆತ್ತವರೇ ಆದರೆ ಇನ್ನೂ ಹೆಚ್ಚಿನ ಶಿಕ್ಷೆ ಎಂದು ಬರೆಯಿತು. ಬರೆದದ್ದು ಒಳ್ಳೆಯದೇ. ಆದರೆ ಪೊಲೀಸರಿಗೆ ಹೇಳುವವರು ಯಾರು? ಹೇಳಬೇಕಾದವರು ಹೊಸ್ತಿಲ ಮೇಲೆ ಜೋಳ ಹಾಕುತ್ತಿದ್ದರು.

ಪರಿವರ್ತನೆ ಬಂದದ್ದು ಬೇರೆ ದಾರಿಯಿಂದ, ನಮ್ಮ ಮಗ್ಗುಲಿನ ಘಟಪ್ರಭೆಯಿಂದಲೇ. ಮಾಜಿ ದೇವದಾಸಿಯರೇ ಕೂಡಿ 1997ರಲ್ಲಿ ಕಟ್ಟಿದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನ 'ಮಾಸ್' ಎಂದು ಕರೆಯುವ ಸಂಘ, ಓಣಿ ಓಣಿಗೆ ಹೋಗಿ ಮುತ್ತು ಕಟ್ಟುವುದನ್ನು ತಡೆಯಿತು. ಉಳಿತಾಯ ಸಂಘಗಳನ್ನು ಮಾಡಿತು. ಮಕ್ಕಳನ್ನು ಶಾಲೆಗೆ ಸೇರಿಸಿತು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರು ಸ್ವತಃ 7ನೆಯ ವಯಸ್ಸಿನಲ್ಲಿ ದೇವಿಗೆ ಬಿಡಲ್ಪಟ್ಟವರು. 2018ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟಿತು. ಈ ತಾಯಂದಿರು ಕಾಯ್ದೆಯ ಪುಸ್ತಕವನ್ನು ಓದಿ ಹೊರಟವರಲ್ಲ. ತಮ್ಮ ಮೈಮೇಲೆ ಬಂದದ್ದು ಇನ್ನೊಬ್ಬ ಹುಡುಗಿಗೆ ಬರಬಾರದು ಎಂಬ ಅಂತಃಕರಣದಿಂದ ಹೊರಟವರು. ಆದರೆ ಹೊರಟ ಮೇಲೆ ಅವರ ಕೈಯಲ್ಲಿ ಕಾಯ್ದೆಯಿತ್ತು. ಅದು ಇರದಿದ್ದರೆ ಊರಿನ ಹಿರಿಯರೆದುರು ಅವರ ಮಾತು ನಾಲ್ವರು ಹೆಂಗಸರ ಗೊಣಗಾಟವಾಗಿ ಉಳಿಯುತ್ತಿತ್ತು. ಅಂತಃಕರಣವಿಲ್ಲದೆ ಕಾಯ್ದೆ ಐವತ್ತು ವರ್ಷ ಕಪಾಟಿನಲ್ಲಿ ಮಲಗಿತ್ತು. ಕಾಯ್ದೆಯಿಲ್ಲದ ಅಂತಃಕರಣವಾದರೋ ಬೊಗಸೆ ಜೋಳಕ್ಕೇ ನಿಂತಿತ್ತು.

ಜಗತ್ತಿನ ಮಟ್ಟದಲ್ಲಿಯೂ ಇದೇ ಚರ್ಚೆ ನಡೆದಿದೆ. ಎರಡನೆಯ ಮಹಾಯುದ್ಧದ ನಂತರ, ಎಲ್ಲ ರಾಷ್ಟ್ರಗಳೂ ಒಪ್ಪುವ ಹಕ್ಕುಗಳ ಪಟ್ಟಿಯೊಂದನ್ನು ಮಾಡುವುದು ಸಾಧ್ಯವೇ ಎಂದು 1947ರಲ್ಲಿ ಯುನೆಸ್ಕೊ ಸಂಸ್ಥೆ ಅನೇಕ ಚಿಂತಕರನ್ನು ಕೇಳಿತು. ಗಾಂಧೀಜಿಯವರ ಚುಟುಕು ಉತ್ತರದ ಸಾರ ಇಷ್ಟು: ತಾವು ಓದುಬರಹ ತಿಳಿಯದ ತಮ್ಮ ತಾಯಿಯಿಂದ ಕಲಿತದ್ದೇನೆಂದರೆ, ಸಲ್ಲಿಸಿದ ಕರ್ತವ್ಯದಿಂದಲೇ ಹಕ್ಕು ಹುಟ್ಟುತ್ತದೆ. ಕಟ್ಟೆಯ ಹಿರಿಯರು ಇದನ್ನು ಕೇಳಿದ್ದರೆ ತೊಡೆ ತಟ್ಟುತ್ತಿದ್ದರು. ಆದರೆ ಏಳು ವರ್ಷದ ಮಗು ಯಾವ ಕರ್ತವ್ಯವನ್ನು ಸಲ್ಲಿಸಿ ತನ್ನ ಬಾಲ್ಯವನ್ನು ಗಳಿಸಬೇಕಾಗಿತ್ತು? ಮಹಾತ್ಮರ ಮಾತಿನ ಮುಂದೆ ವಿನಯದಿಂದಲೇ ಈ ಸಂದೇಹವನ್ನು ಇಡಬೇಕಾಗುತ್ತದೆ. ಕ್ಯಾಥೋಲಿಕ್ ತತ್ವಜ್ಞಾನಿ ಜಾಕ್ ಮಾರಿತೇನ್ ಆ ಚರ್ಚೆಯಲ್ಲಿ ಪಾಲ್ಗೊಂಡವರು. ಪರಸ್ಪರ ವಿರುದ್ಧ ಸಿದ್ಧಾಂತಗಳ ಜನರು ಹಕ್ಕುಗಳ ಪಟ್ಟಿಯನ್ನು ಒಪ್ಪಿಕೊಂಡರಂತೆ, ಏಕೆ ಎಂದು ಮಾತ್ರ ಯಾರೂ ಕೇಳಬಾರದೆಂಬ ಷರತ್ತಿನ ಮೇಲೆ! ಅವರು ಮೆಚ್ಚಿ ಹೇಳುತ್ತಿದ್ದ ಪ್ರಸಂಗವಿದು. ನನಗೆ ಇದರಲ್ಲಿ ನಗೆಗಿಂತ ಹೆಚ್ಚು ಭರವಸೆ ಕಾಣುತ್ತದೆ. ನಮ್ಮೂರಿನ ಓಣಿಯಲ್ಲಿಯೂ ಹಾಗೆಯೇ ಅಲ್ಲವೇ? ಸಾವಿನ ಮನೆಗೆ ಬುತ್ತಿ ಒಯ್ಯುವ ಲಿಂಗಾಯತರಿಗೆ, ಮುಸಲ್ಮಾನರಿಗೆ, ನಮಗೆ ಕಾರಣ ಬೇರೆ ಬೇರೆ ಇರಬಹುದು, ಬುತ್ತಿ ಒಂದೇ.

1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ 48 ರಾಷ್ಟ್ರಗಳು ಪರವಾಗಿ ಮತ ನೀಡಿ, 8 ತಟಸ್ಥವಾಗಿ, ಒಂದೂ ವಿರೋಧಿಸದೆ ಆ ಘೋಷಣೆ ಅಂಗೀಕೃತವಾಯಿತು. ಎಲ್ಲ ಪುರುಷರು ಎಂಬರ್ಥ ಬರುವಂತೆ ಬರೆದಿದ್ದ ಮೊದಲ ಸಾಲನ್ನು ಎಲ್ಲ ಮಾನವರು ಎಂದು ತಿದ್ದಿಸಿದವರು ಭಾರತದ ಪ್ರತಿನಿಧಿ ಹಂಸಾ ಮೆಹತಾ. ಆದ್ದರಿಂದ ಹಕ್ಕುಗಳು ಪರದೇಶದ ಸರಕು ಎಂಬ ಮಾತು ನಿಲ್ಲುವುದಿಲ್ಲ. ಘೋಷಣೆಗೆ ಹನ್ನೊಂದು ದಿನ ಮೊದಲು, ನವೆಂಬರ್ 29ರಂದು, ನಮ್ಮ ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯನ್ನು ಒಪ್ಪಿತ್ತು.

ನಮ್ಮ ಧರ್ಮಸಭೆ ಈ ಮಾತನ್ನು ಒಮ್ಮೆಗೇ ಕಲಿಯಲಿಲ್ಲ ಎಂಬುದನ್ನೂ ಒಪ್ಪಿಕೊಳ್ಳೋಣ. 1864ರಲ್ಲಿ ರೋಮಿನಿಂದ ಹೊರಟ ದಾಖಲೆ, ಪ್ರತಿಯೊಬ್ಬನೂ ತನಗೆ ಸರಿ ಕಂಡ ಧರ್ಮವನ್ನು ಅನುಸರಿಸಲು ಸ್ವತಂತ್ರನೆಂಬ ವಿಚಾರವನ್ನು ತಪ್ಪುಗಳ ಪಟ್ಟಿಗೆ ಸೇರಿಸಿತ್ತು. 1963ರ ಏಪ್ರಿಲ್ 11ರಂದು ಜಗದ್ಗುರು 23ನೆಯ ಜಾನ್ ಅವರು 'ಪಾಚೆಮ್ ಇನ್ ತೆರ್ರಿಸ್' ಪರಿಪತ್ರದಲ್ಲಿ ಮನುಷ್ಯನ ಹಕ್ಕುಗಳನ್ನು ಒಂದೊಂದಾಗಿ ಹೇಳಿ, ಪ್ರತಿ ಹಕ್ಕಿನ ಜೊತೆಗೆ ಕರ್ತವ್ಯವೂ ಹುಟ್ಟುತ್ತದೆಂದು ಬೋಧಿಸಿದರು. ಅದನ್ನು ಕ್ಯಾಥೋಲಿಕರಿಗೆ ಮಾತ್ರವಲ್ಲದೆ ಸದ್ಭಾವದ ಎಲ್ಲ ಜನರಿಗೂ ಬರೆದರು. ಎರಡು ವರ್ಷಗಳ ನಂತರ ದ್ವಿತೀಯ ವ್ಯಾಟಿಕನ್ ಮಹಾಸಭೆ ಧಾರ್ಮಿಕ ಸ್ವಾತಂತ್ರ್ಯವನ್ನು ಮನುಷ್ಯನ ಘನತೆಯಲ್ಲೇ ನೆಲೆಗೊಳಿಸಿತು. ನೂರು ವರ್ಷ ಹಿಡಿಯಿತು. ಧರ್ಮಸಭೆಗೇ ನೂರು ವರ್ಷ ಹಿಡಿದದ್ದು ನಮ್ಮ ಓಣಿಗೆ ಒಂದು ದಿನಾಚರಣೆಯಲ್ಲಿ ಬಂದೀತೆಂದು ನಿರೀಕ್ಷಿಸುವುದು ತಪ್ಪು.

2023ರ ಡಿಸೆಂಬರ್ 10 ಕಳೆದು 11 ಮೂಡುವ ಹೊತ್ತಿನಲ್ಲಿ, ಬೆಳಗಾವಿ ತಾಲೂಕಿನ ಹೊಸ ವಂಟಮುರಿಯಲ್ಲಿ ನಡೆದದ್ದನ್ನು ಓದುಗರು ಮರೆತಿರಲಾರರು. ಮಗ ಹುಡುಗಿಯೊಬ್ಬಳ ಜೊತೆ ಊರು ಬಿಟ್ಟು ಹೋದನೆಂಬ ಕಾರಣಕ್ಕೆ ಅವನ ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದರು. ಅದೇ ವಾರ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿತ್ತು. ಹೈಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ಹಲ್ಲೆ ಮಾಡಿದವರನ್ನಷ್ಟೇ ಅಲ್ಲ, ನೋಡುತ್ತ ನಿಂತವರನ್ನೂ ಅದು ಪ್ರಶ್ನಿಸಿತು. ಅಂಥ ಊರಿನ ಮೇಲೆ ಸಾಮೂಹಿಕ ದಂಡ ಹಾಕುವ ಹಳೆಯ ಕ್ರಮವನ್ನೂ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆಯವರು ನೆನಪಿಸಿದರು. ನೆರೆದಿದ್ದ ಹತ್ತಾರು ಜನರಲ್ಲಿ ಒಬ್ಬ ಮಾತ್ರ ಅಡ್ಡ ಬಂದಿದ್ದ. ಅವನಿಗೂ ಏಟು ಬಿದ್ದವು.

ನನ್ನ ಮನಸ್ಸು ಆ ಒಬ್ಬನ ಹತ್ತಿರ ನಿಲ್ಲುತ್ತದೆ. ಅವನು ಆ ಗಳಿಗೆಯಲ್ಲಿ ಸಂವಿಧಾನವನ್ನು ನೆನೆದನೇ, ತನ್ನ ತಾಯಿಯನ್ನು ನೆನೆದನೇ? ನಿಂತು ನೋಡಿದವರೂ ಮರುದಿನ ಸಾವಿನ ಮನೆಗೆ ಬುತ್ತಿ ಒಯ್ಯುವವರೇ, ನೆರೆ ಬಂದರೆ ರೊಟ್ಟಿ ಕಳಿಸುವವರೇ. ಊರಿನ ಮರ್ಯಾದೆ ಎಂಬ ಮಾತು ಬಂದೊಡನೆ ಆ ತಾಯಿ ಅವರ ಕಣ್ಣಿಗೆ ನಮ್ಮವಳು ಎಂಬ ಲೆಕ್ಕದಿಂದ ಹೊರಗೆ ಬಿದ್ದಳು. ಓಣಿಯ ಸದ್ಗುಣಕ್ಕೆ ಯಾವಾಗಲೂ ಇದೇ ಅಪಾಯ: ನಮ್ಮವರು ಎಂಬ ಗೆರೆಯೊಳಗೆ ಅದು ತಾಯಿಯಂತಿರುತ್ತದೆ, ಗೆರೆ ದಾಟಿದೊಡನೆ ಕಲ್ಲಾಗುತ್ತದೆ. ಆ ಗೆರೆ ಯಾವ ರಾತ್ರಿ ಎಲ್ಲಿ ಬೀಳುತ್ತದೆಂದು ಯಾರೂ ಮುಂಚಿತವಾಗಿ ಹೇಳಲಾರರು.

ಧರ್ಮಶಾಸ್ತ್ರಿಯೊಬ್ಬ ಯೇಸುಸ್ವಾಮಿಯನ್ನು ಕೇಳಿದ್ದು ಈ ಗೆರೆಯ ಬಗ್ಗೆಯೇ: ನನ್ನ ನೆರೆಯವನು ಯಾರು? ಉತ್ತರವಾಗಿ ಬಂದ ಸಮಾರಿಯದವನ ಸಾಮತಿ (ಲೂಕ 10:25-37) ನಮಗೆಲ್ಲ ಬಾಯಿಪಾಠ. ಪ್ರಬೋಧನೆಗಳಲ್ಲಿ ನಾವು ಕೇಳುವುದು ಹೆಚ್ಚಾಗಿ ಆ ಸಮಾರಿಯದವನ ಕನಿಕರವನ್ನು ಕುರಿತು. ಛತ್ರದವನನ್ನು ಕುರಿತು ಮಾತ್ರ ಯಾರೂ ಮಾತಾಡುವುದಿಲ್ಲ. ಸಮಾರಿಯದವನು ಆ ರಾತ್ರಿ ಗಾಯಾಳುವಿನ ಬಳಿ ಇದ್ದು, ಮರುದಿನ ಎರಡು ದೆನಾರಿಗಳನ್ನು ಛತ್ರದವನ ಕೈಗೆ ಕೊಟ್ಟು, ಹೆಚ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಹೇಳಿ ಹೋದ. ಅವನಿಗೂ ಅವನ ಪ್ರಯಾಣವಿತ್ತು. ಮೂರನೆಯ ದಿನ ಗಾಯಕ್ಕೆ ಎಣ್ಣೆ ಹಚ್ಚಿದವನು ಛತ್ರದವನು. ಅವನಿಗೆ ಕನಿಕರ ಬಂದಿತ್ತೆಂದು ಸಂತ ಲೂಕ ಬರೆದಿಲ್ಲ. ಒಪ್ಪಂದವಿತ್ತು, ಲೆಕ್ಕವಿತ್ತು, ಮಾಡಲೇಬೇಕಾಗಿತ್ತು. ದಾರಿಯಲ್ಲಿ ಕನಿಕರವಿಲ್ಲದಿದ್ದರೆ ಆ ಮನುಷ್ಯ ಛತ್ರಕ್ಕೆ ತಲುಪುತ್ತಿರಲಿಲ್ಲ, ನಿಜ. ಛತ್ರವೇ ಇರದಿದ್ದರೆ? ಹಕ್ಕು, ಕಾಯ್ದೆ, ನ್ಯಾಯಾಲಯ, ಪರಿಹಾರದ ಪಟ್ಟಿ ಇವೆಲ್ಲ ನನ್ನ ತಿಳುವಳಿಕೆಯಲ್ಲಿ ಆ ಛತ್ರ.

ಜಾಗತೀಕರಣ ಎಂಬ ಮಾತು ಬಂದಾಗ ನಾವು ಅಮೆರಿಕೆಯನ್ನು ನೆನೆಯುತ್ತೇವೆ. ನಮ್ಮ ಭಾಗಕ್ಕೆ ಅದು ಹೊಸತಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿ 1887ರಿಂದ ದೂರದ ಮಾರುಕಟ್ಟೆಗಾಗಿ ನೂಲು ತೆಗೆದದ್ದು. ಇಂದು ಅದು ಇನ್ನೂ ಹತ್ತಿರ ಬಂದಿದೆ. ದಸರೆ ದಾಟಿದ ಮೇಲೆ ಕಬ್ಬು ಕಡಿಯುವ ಗ್ಯಾಂಗಿನವರು ಬೇರೆ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ನಮ್ಮ ಹೊಲಗಳಿಗೆ ಬರುತ್ತಾರೆ. ಬದುವಿನ ಮೇಲೆ ಗುಡಿಸಲು, ನಸುಕಿನಲ್ಲಿ ಎದ್ದು ಕಡಿತ, ಶಾಲೆ ಬಿಟ್ಟು ಬಂದ ಮಕ್ಕಳು. ಅವರು ಕಡಿದ ಕಬ್ಬಿನ ಸಕ್ಕರೆ ಯಾವ ದೇಶದ ಚಹಾಕ್ಕೆ ಸೇರುತ್ತದೋ! ಕುಡಿಯಲು ನೀರು ಕೇಳಿದರೆ ಕೊಡುತ್ತೇವೆ. ನಾವು ಅಷ್ಟು ಕೆಟ್ಟವರಲ್ಲ. ಅವರ ಮಕ್ಕಳು ಆರು ತಿಂಗಳು ಯಾವ ಶಾಲೆಗೆ ಹೋಗಬೇಕೆಂದು ನಾನು ಎಷ್ಟು ವರ್ಷ ಮಾಸ್ತರನಾಗಿದ್ದೂ ಕೇಳಿಕೊಂಡಿದ್ದೇನೆ? ಇತ್ತ ನಮ್ಮ ಹುಡುಗರು ಗೋವೆಗೆ, ಪುಣೆಗೆ, ಕೊಲ್ಲಿ ದೇಶಗಳಿಗೆ ಹೋಗಿ ಅಲ್ಲಿ ಗ್ಯಾಂಗಿನವರಾಗುತ್ತಾರೆ. ಅಲ್ಲಿ ಅವರ ಪಾಸ್‌ಪೋರ್ಟನ್ನೋ ಕೂಲಿಯನ್ನೋ ಯಾರಾದರೂ ಹಿಡಿದಿಟ್ಟರೆ, ಅಲ್ಲಿಯ ಕಾಯ್ದೆ ಇವರನ್ನೂ ಮನುಷ್ಯರೆಂದು ಎಣಿಸಲಿ ಎಂದು ನಾವು ಜಪಸರ ಹಿಡಿದು ಪ್ರಾರ್ಥಿಸುತ್ತೇವೆ.

ಇನ್ನೊಂದು ಮಾತು, ಇದು ನಮ್ಮ ಮನೆಯೊಳಗಿನದು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲಿ ಮತ್ತು ರಾಜ್ಯದ ಇತರ ಕಡೆ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ನಾವೆಲ್ಲ ಸಂವಿಧಾನದ 25ನೆಯ ವಿಧಿಯನ್ನು ಕಂಠಪಾಠ ಮಾಡಿದೆವು. ಮಾಡಬೇಕಾದದ್ದೇ. ಆದರೆ ನೋವು ನಮ್ಮದಾದಾಗ ಮಾತ್ರ ನೆನಪಾಗುವ ಹಕ್ಕು ಹಕ್ಕಲ್ಲ, ಅದು ಬರೀ ನಮ್ಮ ಪಾಲು. ದಲಿತ ಕ್ರೈಸ್ತರಿಗೆ 1950ರ ರಾಷ್ಟ್ರಪತಿ ಆದೇಶದಿಂದ ಪರಿಶಿಷ್ಟ ಜಾತಿಯ ಸವಲತ್ತು ತಪ್ಪಿದೆಯೆಂದು ನಾವು ನ್ಯಾಯವಾಗಿಯೇ ದೂರುತ್ತೇವೆ. ಆದರೆ ಧರ್ಮಸಭೆಯೊಳಗೇ ಜಾತಿಯ ಭೇದ ಉಳಿದಿದೆಯೆಂದು 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೋಲಿಕ್ ಧರ್ಮಾಧ್ಯಕ್ಷರುಗಳೇ ತಮ್ಮ ದಲಿತ ನೀತಿಯಲ್ಲಿ ಒಪ್ಪಿಕೊಂಡರು. ಮಗಳಿಗೆ ವರ ನೋಡುವಾಗ ನಾವು ಗುಟ್ಟಾಗಿ ಕೇಳುವ ಮೊದಲ ಪ್ರಶ್ನೆ ಯಾವುದೆಂದು ನಮಗೆ ಗೊತ್ತಿದೆ. ಹೊರಗಿನ ಮಾಡದ ಲೋಟವನ್ನು ನಾವು ಒಳಗೆ ತಂದಿದ್ದೇವೆಯೇ, ಅಥವಾ ಮಾಡವನ್ನೇ ಒಳಗೆ ಕಟ್ಟಿಕೊಂಡಿದ್ದೇವೆಯೇ?

ಸೀತವ್ವನವರಿಗೆ ಪದ್ಮಶ್ರೀ ಬಂದ ಸುದ್ದಿ 2018ರಲ್ಲಿ ಪತ್ರಿಕೆಯಲ್ಲಿ ಬಂದಾಗ ನಮ್ಮವ್ವ ಇನ್ನೂ ಇದ್ದಳು. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಸುದ್ದಿಯನ್ನು ಪೂರ್ತಿ ಓದಿ ಹೇಳಿದೆ. ಏಳು ವರ್ಷಕ್ಕೆ ಮುತ್ತು ಕಟ್ಟಿದ್ದರೆಂಬಲ್ಲಿಗೆ ಬಂದಾಗ ಇನ್ನೊಮ್ಮೆ ಓದು ಎಂದಳು. ಓದಿದೆ. ಬಹಳ ಹೊತ್ತು ಸುಮ್ಮನೆ ಕುಳಿತಳು, ಜಪಸರದ ಮಣಿಗಳನ್ನು ಸರಿಸುತ್ತಿದ್ದ ಬೆರಳು ನಿಂತಿತ್ತು.

"ಜೋಗತಿ ಹಿಂದ ಒಂದು ಹುಡುಗಿ ಬರತಿತ್ತಲ್ಲೊ ತಮ್ಮಾ, ನಿನ್ನ ವಾರಿಗೀದು. ಅದರ ಹೆಸರ ಏನಿತ್ತು?"

ನನಗೆ ಗೊತ್ತಿರಲಿಲ್ಲ. ಅವ್ವನೂ ಎಂದೂ ಕೇಳಿರಲಿಲ್ಲ. ಸಂಜೆ ಓಣಿಯ ಹಿರಿಯರಿಬ್ಬರನ್ನು ವಿಚಾರಿಸಿದೆ. ಹುಡುಗಿ ನೆನಪಿದ್ದಾಳೆಂದರು, ಕೊರಳಿನ ಮುತ್ತೂ ನೆನಪಿದೆಯೆಂದರು. ಹೆಸರು ಅವರಿಗೂ ತಿಳಿದಿರಲಿಲ್ಲ.